ಇದು ಮಾಮೂಲಿ ತಲೆನೋವಾ? ಜೋರು ಮೈಗ್ರೇನ್ ಇರುವವರು ಅಪಾಯವನ್ನು ಗುರುತಿಸುವ ಬಗೆ

ನನ್ನ ಅಮ್ಮನಿಗೆ ಹದಿನೆಂಟನೇ ವಯಸ್ಸಿನಿಂದ ಅರೆತಲೆನೋವು, ಅಂದರೆ ಮೈಗ್ರೇನ್. ತಿಂಗಳಿಗೆ ಎರಡು ಸಲ, ಕೆಲವೊಮ್ಮೆ ಮೂರು ಸಲ. ಕೋಣೆ ಕತ್ತಲು ಮಾಡಿಕೊಂಡು, ತಲೆಗೆ ಬಟ್ಟೆ ಬಿಗಿದು ಕಟ್ಟಿ ಮಲಗಿಬಿಡುತ್ತಿದ್ದಳು. ನಾವು ಮಕ್ಕಳು ಸದ್ದಾಗದ ಹಾಗೆ ಓಡಾಡುತ್ತಿದ್ದೆವು. ಅರವತ್ತು ದಾಟಿದ ಮೇಲೆ ನೋವು ತಾನಾಗಿಯೇ ಕಡಿಮೆಯಾಯಿತು. ಅರವತ್ತೆಂಟಕ್ಕೆ ಮತ್ತೆ ಶುರುವಾದಾಗ ಮನೆಯವರೆಲ್ಲ ಒಂದೇ ಮಾತು ಹೇಳಿದೆವು. ನಾನೂ ಹೇಳಿದೆ. "ಅದೇ ಮಾಮೂಲಿ ಅರೆತಲೆನೋವು, ವಾಪಸ್ ಬಂದಿದೆ ಅಷ್ಟೇ." ಅವಳನ್ನು ನೋಡಿದ ಡಾಕ್ಟರೂ ಹಾಗೇ ಅಂದರು.

ಅದು ಮಾಮೂಲಿ ಆಗಿರಲಿಲ್ಲ. ತಲೆ ಬಾಚುವಾಗ ಕಣತಲೆ ಮುಟ್ಟಿದರೆ ನೋಯುತ್ತದೆ ಅನ್ನುತ್ತಿದ್ದಳು. ಊಟ ಮಾಡುವಾಗ ಅಗಿದು ಅಗಿದು ದವಡೆ ನೋಯುತ್ತದೆ, ಸ್ವಲ್ಪ ಹೊತ್ತು ಸುಮ್ಮನಿದ್ದರೆ ಹೋಗುತ್ತದೆ ಅಂದಿದ್ದಳು. ಒಂದು ಸಂಜೆ ಬಲಗಣ್ಣಿನ ಮುಂದೆ ಪರದೆ ಇಳಿದ ಹಾಗಾಗಿ ಎರಡು ನಿಮಿಷಕ್ಕೆ ಸರಿಹೋಯಿತು. ಅದಾದ ಐದನೇ ದಿನ ಬೆಳಗ್ಗೆ ಎದ್ದಾಗ ಆ ಕಣ್ಣು ಕಾಣಲಿಲ್ಲ. ಮತ್ತೆ ಯಾವತ್ತೂ ಕಾಣಲಿಲ್ಲ.

ತಲೆಯ ರಕ್ತನಾಳಗಳ ಗೋಡೆ ಊದಿಕೊಳ್ಳುವ ಕಾಯಿಲೆ ಅದು. ಜೈಂಟ್ ಸೆಲ್ ಆರ್ಟರೈಟಿಸ್ ಅನ್ನುತ್ತಾರೆ. 50 ದಾಟಿದವರಿಗೆ ಬರುವಂಥದ್ದು. ಇ.ಎಸ್.ಆರ್., ಸಿ.ಆರ್.ಪಿ. ಎಂಬ ಸಾಮಾನ್ಯ ರಕ್ತ ಪರೀಕ್ಷೆಗಳಲ್ಲೇ ಸುಳಿವು ಸಿಗುತ್ತದೆ. ಸ್ಟೀರಾಯ್ಡ್ ಬೇಗ ಶುರುಮಾಡಿದರೆ ಕಣ್ಣು ಉಳಿಸಿಕೊಳ್ಳಬಹುದು. ಅಮ್ಮನ ಎಡಗಣ್ಣು ಉಳಿದದ್ದು ಹಾಗೆ.

ನನಗೂ ಮೈಗ್ರೇನ್ ಇದೆ. 24 ವರ್ಷ ಆಯಿತು. ಮೈಗ್ರೇನ್ ಇರುವವರ ಮನೆಯಲ್ಲಿ ತಲೆನೋವು ಅನ್ನುವುದು ಹಳೆಯ ನೆಂಟನ ಹಾಗೆ. ಬಾಗಿಲು ಬಡಿದರೆ ಯಾರು ಅಂತ ಕೂಡ ನೋಡುವುದಿಲ್ಲ. ಅದರ ವೇಷದಲ್ಲಿ ಬೇರೆ ಯಾರೋ ಬಂದಿರಬಹುದು ಅಂತ ಹೊಳೆಯುವುದೇ ಇಲ್ಲ. ಅಮ್ಮನ ಕಣ್ಣು ಹೋದ ಮೇಲೆ ನಾನು ಕಲಿತದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ, ಗಣಿತ ಪಾಠ ಮಾಡುವವಳು. ಇದನ್ನು ಓದಿ ಮನೆಯಲ್ಲೇ ಕೂರಬೇಡಿ. ಯಾವಾಗ ಹೊರಡಬೇಕು, ಹೋಗಿ ಏನು ಹೇಳಬೇಕು ಅಂತ ತಿಳಿಯಲು ಓದಿ.

ಮೊದಲು ನಿಮ್ಮ ಮಾಮೂಲಿಯನ್ನು ಬರೆದಿಡಿ

ಮಾಮೂಲಿ ಅಲ್ಲದ್ದನ್ನು ಗುರುತಿಸಬೇಕಾದರೆ ಮಾಮೂಲಿ ಯಾವುದು ಅಂತ ಗೊತ್ತಿರಬೇಕು, ಅಲ್ವಾ? ನಮ್ಮಲ್ಲಿ ಹೆಚ್ಚಿನವರಿಗೆ ಅದು ಸರಿಯಾಗಿ ಗೊತ್ತಿರುವುದಿಲ್ಲ. "ತಲೆ ಸಿಡಿಯುತ್ತದೆ, ವಾಂತಿ ಆಗುತ್ತದೆ" ಅನ್ನುತ್ತೇವೆ. ಅಷ್ಟು ಸಾಲದು.

ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ನನ್ನದರಲ್ಲಿ ಮೊದಲ ಪುಟ ಹೀಗಿದೆ: "ಹಿಂದಿನ ದಿನದಿಂದಲೇ ಆಕಳಿಕೆ ಜಾಸ್ತಿ. ನೋವು ಎಡಗಣ್ಣಿನ ಹಿಂದೆ ಶುರು. ಜೋರಾಗಲು ಒಂದರಿಂದ ಎರಡು ಗಂಟೆ ಬೇಕು. ಎದೆ ಬಡಿತದ ಜೊತೆ ಮಿಡಿಯುತ್ತದೆ. ಮೆಟ್ಟಿಲು ಹತ್ತಿದರೆ ಹೆಚ್ಚುತ್ತದೆ. ಬೆಳಕು, ಸದ್ದು, ವಾಸನೆ ಆಗುವುದಿಲ್ಲ. ವಾಂತಿ ಎರಡು ಸಲ. ಒಟ್ಟು 14ರಿಂದ 20 ಗಂಟೆ. ಮರುದಿನ ಸುಸ್ತು." ಇದು ನನ್ನ ಮಾಮೂಲಿ. ನಿಮ್ಮದು ಬೇರೆ ಇರುತ್ತದೆ. ಔಷಧಿ ತೆಗೆದುಕೊಳ್ಳದಿದ್ದರೆ ದೊಡ್ಡವರಲ್ಲಿ ಮೈಗ್ರೇನ್ 4 ಗಂಟೆಯಿಂದ 72 ಗಂಟೆಯವರೆಗೆ ಇರಬಹುದು. ಆದ್ದರಿಂದ ಒಬ್ಬರ ಅಳತೆ ಇನ್ನೊಬ್ಬರಿಗೆ ನಡೆಯುವುದಿಲ್ಲ.

ಆಮೇಲೆ ಪ್ರತಿ ಸಲ ಒಂದೇ ಸಾಲು ಬರೆದರೆ ಸಾಕು. ತಾರೀಖು, ಶುರುವಾದ ಸಮಯ, ಮುಗಿದ ಸಮಯ, ನುಂಗಿದ ಮಾತ್ರೆಯ ಹೆಸರು ಮತ್ತು ಎಷ್ಟು, ಹೆಂಗಸರಾದರೆ ಮುಟ್ಟಿನ ಎಷ್ಟನೇ ದಿನ. ನೋವಿನ ನಡುವೆ ಬರೆಯಲು ಆಗುವುದಿಲ್ಲ. ಮರುದಿನ ಬರೆಯಿರಿ. ಮೂರು ತಿಂಗಳು ಬರೆದ ಪುಸ್ತಕ ಹಿಡಿದುಕೊಂಡು ಹೋದಾಗ ಡಾಕ್ಟರು ನಿಮ್ಮ ಮಾತು ಕೇಳುವ ರೀತಿಯೇ ಬೇರೆ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ.

ಕಣ್ಣಿನ ಮುಂದೆ ಬೆಳಕು ಕುಣಿಯುವವರಿಗೆ

ನನಗೆ ಇಪ್ಪತ್ತಾರು ಇದ್ದಾಗ ಒಂದು ದಿನ ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತಿದ್ದೆ. ಬರೆದ ಸಾಲಿನಲ್ಲಿ 7 ಕಾಣಲಿಲ್ಲ. ತಲೆ ಸ್ವಲ್ಪ ತಿರುಗಿಸಿದರೆ 7 ಬಂತು, ಪಕ್ಕದ ಅಂಕಿ ಮಾಯವಾಯಿತು. ಐದಾರು ನಿಮಿಷಕ್ಕೆ ಆ ಜಾಗದಲ್ಲಿ ಗರಗಸದ ಹಲ್ಲಿನಂಥ ಹೊಳೆಯುವ ಗೆರೆ ಬಂತು. ಮಿಣುಕುತ್ತಾ, ದೊಡ್ಡದಾಗುತ್ತಾ ಬಲ ಅಂಚಿಗೆ ಸರಿದು ಹೋಯಿತು. ಕಣ್ಣು ಮುಚ್ಚಿದರೂ ಕಾಣುತ್ತಿತ್ತು. ಅರ್ಧ ಗಂಟೆಯಲ್ಲಿ ಎಲ್ಲ ಸ್ವಚ್ಛ. ಆಮೇಲೆ ತಲೆನೋವು.

ಇದಕ್ಕೆ ಔರಾ ಅನ್ನುತ್ತಾರೆ. ಮೈಗ್ರೇನ್ ಇರುವ ಎಲ್ಲರಿಗೂ ಬರುವುದಿಲ್ಲ. ಹೆಚ್ಚುಕಡಿಮೆ ಮೂವರಲ್ಲೋ ನಾಲ್ವರಲ್ಲೋ ಒಬ್ಬರಿಗೆ ಬರುತ್ತದೆ. ಕೆಲವರಿಗೆ ಬೆರಳ ತುದಿಯಲ್ಲಿ ಜುಮುಜುಮು ಶುರುವಾಗಿ ತೋಳಿಗೆ, ತುಟಿಗೆ ಏರುತ್ತದೆ. ಕೆಲವರಿಗೆ ಮಾತು ತಡವರಿಸುತ್ತದೆ.

ಇದರ ಹಿಂದಿನ ಕಥೆ ನನಗೆ ತುಂಬಾ ಇಷ್ಟ, ಉಪಯೋಗಕ್ಕೂ ಬರುತ್ತದೆ. ಅಮೆರಿಕದ ಮನೋವಿಜ್ಞಾನಿ ಕಾರ್ಲ್ ಲ್ಯಾಶ್ಲಿ ಅವರಿಗೆ ಇದೇ ಔರಾ ಬರುತ್ತಿತ್ತು. ಅವರು ಅದು ಸರಿಯುವುದನ್ನು ಚಿತ್ರ ಬರೆದು, ಲೆಕ್ಕ ಹಾಕಿದರು. ಮಿದುಳಿನ ಮೇಲೆ ಏನೋ ಒಂದು ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ವೇಗದಲ್ಲಿ ಹರಿಯುತ್ತಿರಬೇಕು ಎಂದು 1941ರಲ್ಲಿ ಬರೆದರು. 1944ರಲ್ಲಿ ಬ್ರೆಜಿಲ್‌ನ ಅರಿಸ್ಟಿಡಿಸ್ ಲಿಯಾವ್ ಅವರು ಮೊಲದ ಮಿದುಳಿನಲ್ಲಿ ಹೆಚ್ಚುಕಡಿಮೆ ಅಷ್ಟೇ ವೇಗದಲ್ಲಿ ಹರಡುವ ಒಂದು ಅಲೆಯನ್ನು ವರದಿ ಮಾಡಿದರು. ಅಲೆ ಹೋದ ಕಡೆ ನರಕೋಶಗಳು ಒಮ್ಮೆ ಕೆರಳಿ, ಆಮೇಲೆ ಸ್ವಲ್ಪ ಹೊತ್ತು ಸುಮ್ಮನಾಗುತ್ತವೆ. ಅದಕ್ಕೇ ಮೊದಲು ಹೊಳಪು, ಅದರ ಹಿಂದೆ ಕಾಣದ ಜಾಗ.

ಇದರಿಂದ ನಾವು ತಿಳಿಯಬೇಕಾದದ್ದು ಒಂದು ಪದ: ನಿಧಾನ. ಔರಾ ನಿಧಾನವಾಗಿ ಬರುತ್ತದೆ. ಐದು ನಿಮಿಷವೋ ಇನ್ನೂ ಹೆಚ್ಚೋ ತೆಗೆದುಕೊಂಡು ಹರಡುತ್ತದೆ. ಒಂದು ಲಕ್ಷಣ ಸಾಮಾನ್ಯವಾಗಿ 5 ನಿಮಿಷದಿಂದ 60 ನಿಮಿಷದೊಳಗೆ ಮುಗಿಯುತ್ತದೆ. ಸ್ಟ್ರೋಕ್ ಹಾಗಲ್ಲ. ಅದರಲ್ಲಿ ಹೆಚ್ಚಾಗಿ ಮಿದುಳಿನ ಒಂದು ಭಾಗಕ್ಕೆ ರಕ್ತ ಒಮ್ಮೆಲೇ ನಿಂತುಹೋಗುತ್ತದೆ, ಸ್ವಿಚ್ ಆರಿಸಿದ ಹಾಗೆ. ಕೈ ಜುಮ್ಮೆನ್ನುವ ಬದಲು ಬಿದ್ದೇ ಹೋಗುತ್ತದೆ. ಬೆಳಕು ಕುಣಿಯುವ ಬದಲು ಕತ್ತಲಾಗುತ್ತದೆ.

ಆದ್ದರಿಂದ ಔರಾ ಶುರುವಾದ ಕೂಡಲೇ ಗಡಿಯಾರ ನೋಡಿ. ಇದು ನಾನು ಎಲ್ಲರಿಗೂ ಹೇಳುವ ಮೊದಲ ಕೆಲಸ. ಆಮೇಲೆ ಒಂದೊಂದೇ ಕಣ್ಣು ಮುಚ್ಚಿ ನೋಡಿ. ಮೈಗ್ರೇನ್ ಔರಾ ಮಿದುಳಿನದು, ಆದ್ದರಿಂದ ಎರಡೂ ಕಣ್ಣಿನಲ್ಲಿ ಕಾಣುತ್ತದೆ. ಒಂದೇ ಕಣ್ಣಿನಲ್ಲಿ ನೋಟ ಹೋಗಿದೆ ಅಂದರೆ ಅದನ್ನು ಮೈಗ್ರೇನ್ ಅಂತ ನೀವಾಗಿ ತೀರ್ಮಾನಿಸಬೇಡಿ. ಅವತ್ತೇ ಡಾಕ್ಟರ ಹತ್ತಿರ ಹೋಗಿ. ಲಕ್ಷಣ ಒಂದು ಗಂಟೆ ದಾಟಿದರೆ, ಒಂದು ಕಡೆ ಕೈಕಾಲು ಸೋತರೆ, ಅಥವಾ ಜೀವನದಲ್ಲಿ ಇದೇ ಮೊದಲ ಸಲ ಆಗುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಹೊರಡಿ. ಕೈಕಾಲು ಸೋಲುವ ಮೈಗ್ರೇನ್ ಕೂಡ ಇದೆ, ನಿಜ. ಆದರೆ ಅದನ್ನು ನಿರ್ಧರಿಸಬೇಕಾದ್ದು ಆಸ್ಪತ್ರೆಯಲ್ಲಿ.

ಇನ್ನೊಂದು ವಿಷಯ ಯಾರೂ ನನಗೆ ಹೇಳಿರಲಿಲ್ಲ. ಔರಾ ಇರುವ ಮೈಗ್ರೇನ್‌ನವರಿಗೆ ರಕ್ತ ಹೆಪ್ಪುಗಟ್ಟಿ ಬರುವ ಸ್ಟ್ರೋಕ್‌ನ ಸಾಧ್ಯತೆ ಉಳಿದವರಿಗಿಂತ ಸುಮಾರು ಎರಡು ಪಟ್ಟು. ಗಾಬರಿ ಬೇಡ. ಚಿಕ್ಕ ವಯಸ್ಸಿನಲ್ಲಿ ಸ್ಟ್ರೋಕ್ ಬರುವುದೇ ಕಡಿಮೆ, ಕಡಿಮೆಯದರ ಎರಡು ಪಟ್ಟೂ ಕಡಿಮೆಯೇ. ಆದರೆ ಅದರ ಮೇಲೆ ಸಿಗರೇಟು ಸೇರಿದರೆ, ಈಸ್ಟ್ರೊಜೆನ್ ಎಂಬ ಹಾರ್ಮೋನ್ ಇರುವ ಗರ್ಭನಿರೋಧಕ ಮಾತ್ರೆ ಸೇರಿದರೆ ಲೆಕ್ಕ ಬದಲಾಗುತ್ತದೆ. ಔರಾ ಇರುವವರಿಗೆ ಈ ಮಾತ್ರೆ ಕೊಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೇ ಹೇಳುತ್ತದೆ. ಅದರ ಪಟ್ಟಿಯಲ್ಲಿ ಇದು 4ನೇ ವರ್ಗ, ಅಂದರೆ ಒಪ್ಪಲಾಗದ ಅಪಾಯ.

ನಾನು ಆ ಮಾತ್ರೆಯನ್ನು ಎರಡು ವರ್ಷ ನುಂಗಿದ್ದೇನೆ. ಮುಟ್ಟು ಸರಿಯಾಗಲಿ ಅಂತ ಒಬ್ಬರು ಡಾಕ್ಟರು ಬರೆದುಕೊಟ್ಟಿದ್ದರು. ಅವರು ಔರಾ ಬಗ್ಗೆ ಕೇಳಲಿಲ್ಲ. ಕಣ್ಣಿನ ಮುಂದಿನ ಗೆರೆಗೂ ಮುಟ್ಟಿನ ಮಾತ್ರೆಗೂ ಸಂಬಂಧ ಇರಬಹುದು ಅಂತ ನನಗೆ ತಿಳಿಯಲಿಲ್ಲ, ಹೇಳಲಿಲ್ಲ. ಏನೂ ಆಗಲಿಲ್ಲ, ನನ್ನ ಪುಣ್ಯ. ನೀವು ಮಾತ್ರ ಯಾವ ಡಾಕ್ಟರ ಮುಂದೆ ಕುಳಿತರೂ ಈ ಒಂದು ವಾಕ್ಯ ಹೇಳಿ: "ನನಗೆ ಔರಾ ಇರುವ ಮೈಗ್ರೇನ್ ಇದೆ." ಅವರು ಕೇಳದಿದ್ದರೂ ಹೇಳಿ. ಈಸ್ಟ್ರೊಜೆನ್ ಇಲ್ಲದ ಬೇರೆ ದಾರಿಗಳಿವೆ. ಬಿ.ಪಿ. ನೋಡಿಸಿಕೊಳ್ಳಿ. ಸಿಗರೇಟು ಇದ್ದರೆ ಬಿಡಿ. ಸ್ಟ್ರೋಕ್‌ನ ಸಾಧ್ಯತೆ ತಗ್ಗಿಸಲು ನಮ್ಮ ಕೈಲಿ ಇರುವುದು ಇವೇ.

ಕಾಯಬಾರದ ತಲೆನೋವುಗಳು

ಎಲ್ಲಕ್ಕಿಂತ ಮುಖ್ಯವಾದದ್ದು ಸಿಡಿಲಿನ ಹಾಗೆ ಬಡಿಯುವ ನೋವು. ಒಂದು ನಿಮಿಷದೊಳಗೆ ಪೂರ್ತಿ ಜೋರಿಗೆ ಹೋಗುತ್ತದೆ. "ಯಾರೋ ಹಿಂದಿನಿಂದ ತಲೆಗೆ ಹೊಡೆದ ಹಾಗಾಯಿತು" ಅನ್ನುತ್ತಾರೆ ಅನುಭವಿಸಿದವರು. ಮಿದುಳಿನ ಸುತ್ತ ರಕ್ತ ಸೋರಿರಬಹುದು. ಎಷ್ಟೇ ಜೋರಿದ್ದರೂ ಮೈಗ್ರೇನ್ ಸಾಮಾನ್ಯವಾಗಿ ಮೆಲ್ಲಗೆ ಏರುತ್ತದೆ. ಹಾಗಾಗಿ ನೋವು ಎಷ್ಟು ಅನ್ನುವುದಕ್ಕಿಂತ ಎಷ್ಟು ಬೇಗ ಏರಿತು ಅನ್ನುವುದನ್ನು ಗಮನಿಸಿ. ಅರ್ಧ ಗಂಟೆಯಲ್ಲಿ ಕಡಿಮೆಯಾದರೂ ಹೋಗಲೇಬೇಕು.

ಜ್ವರ ಇದೆ, ಕತ್ತು ಸೆಟೆದುಕೊಂಡು ಗದ್ದ ಎದೆಗೆ ತಾಗಿಸಲು ಆಗುತ್ತಿಲ್ಲ, ಮಂಕು ಕವಿದಿದೆ ಅಂದರೆ ಸೋಂಕಿನ ಅನುಮಾನ. ತಲೆಗೆ ಪೆಟ್ಟು ಬಿದ್ದ ಮೇಲೆ ಬಂದ ನೋವು, ಫಿಟ್ಸ್ ಜೊತೆ ಬಂದ ನೋವು, ಕೆಮ್ಮಿದರೆ ಬಾಗಿದರೆ ಮಲಗಿದರೆ ಹೆಚ್ಚುವ ಹೊಸ ನೋವು, 50 ದಾಟಿದ ಮೇಲೆ ಮೊದಲ ಸಲ ಬಂದ ನೋವು, ಕ್ಯಾನ್ಸರ್ ಇರುವವರಿಗೆ ಅಥವಾ ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಹೊಸದಾಗಿ ಬಂದ ನೋವು, ಇವೆಲ್ಲ ತೋರಿಸಬೇಕಾದವು. ಬಸುರಿಯರಿಗೆ, ಬಾಣಂತಿಯರಿಗೆ ಜೋರು ತಲೆನೋವು ಬಂದರೆ ಮೊದಲು ಬಿ.ಪಿ. ನೋಡಬೇಕು. ಮೈಗ್ರೇನ್ ಇರುವವರಿಗೆ ಬಸಿರಿನಲ್ಲಿ ಬಿ.ಪಿ. ಏರುವ ತೊಂದರೆ ಸ್ವಲ್ಪ ಜಾಸ್ತಿ. ಹೆರಿಗೆಯಾದ ದಿನಗಳಲ್ಲಿ ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯವೂ ಇದೆ. "ನಿದ್ದೆ ಇಲ್ಲ, ಅದಕ್ಕೇ ತಲೆನೋವು" ಅಂತ ಬಾಣಂತಿಯನ್ನು ಮಲಗಿಸಿಬಿಡಬೇಡಿ. ಒಂದೇ ಮುಚ್ಚಿದ ಕೋಣೆಯಲ್ಲಿ ಬೆಂಕಿ ಅಥವಾ ಗ್ಯಾಸ್ ಹೀಟರ್ ಉರಿಯುತ್ತಿದ್ದು ಎಲ್ಲರಿಗೂ ತಲೆ ನೋಯುತ್ತಿದ್ದರೆ ಮೊದಲು ಎಲ್ಲರೂ ಹೊರಗೆ ಬನ್ನಿ. ಅದು ಕಾರ್ಬನ್ ಮಾನಾಕ್ಸೈಡ್ ವಿಷ ಇರಬಹುದು.

ಸ್ಟ್ರೋಕ್ ಅನುಮಾನ ಬಂದರೆ ನಗಲು ಹೇಳಿ, ಬಾಯಿ ಒಂದು ಕಡೆ ಸೊಟ್ಟಗಾಯಿತಾ ನೋಡಿ. ಎರಡೂ ಕೈ ಎತ್ತಿಸಿ, ಒಂದು ಕೆಳಗಿಳಿಯಿತಾ ನೋಡಿ. ಒಂದು ವಾಕ್ಯ ಹೇಳಿಸಿ. ಒಂದು ತಪ್ಪಿದರೂ ಆಂಬುಲೆನ್ಸ್ ಕರೆಯಿರಿ. ಅವರು ಚೆನ್ನಾಗಿದ್ದದ್ದನ್ನು ಕೊನೆಯ ಸಲ ನೋಡಿದ್ದು ಎಷ್ಟು ಗಂಟೆಗೆ ಅಂತ ಬರೆದಿಟ್ಟುಕೊಳ್ಳಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಲಕ್ಷಣ ಶುರುವಾಗಿ 4.5 ಗಂಟೆಯೊಳಗೆ ಕೊಡುವಂಥದ್ದು, ಆದ್ದರಿಂದ ಆಸ್ಪತ್ರೆಯಲ್ಲಿ ಕೇಳುವ ಮೊದಲ ಪ್ರಶ್ನೆಯೇ ಅದು. ಆಸ್ಪಿರಿನ್ ನುಂಗಿಸಬೇಡಿ. ಹೆಪ್ಪೋ ರಕ್ತಸ್ರಾವವೋ ಅಂತ ಸ್ಕ್ಯಾನ್ ಆಗುವವರೆಗೆ ಗೊತ್ತಾಗುವುದಿಲ್ಲ. ರಕ್ತಸ್ರಾವವಾಗಿದ್ದರೆ ಆಸ್ಪಿರಿನ್ ಕೆಡುಕು ಮಾಡುತ್ತದೆ. ನಿಮಗೇ ಆಗುತ್ತಿದ್ದರೆ ನೀವೇ ಗಾಡಿ ಓಡಿಸಿಕೊಂಡು ಹೋಗಬೇಡಿ.

ಮೂರು ದಿನ ದಾಟಿದರೆ

72 ಗಂಟೆ ಬಿಡದೆ ಕಾಡುವ ಮೈಗ್ರೇನ್‌ಗೆ ಬೇರೆಯೇ ಹೆಸರಿದೆ, ಸ್ಟೇಟಸ್ ಮೈಗ್ರೇನೋಸಸ್. ಸಹಿಸಿಕೊಂಡು ಕೂರುವ ವಿಷಯ ಅಲ್ಲ ಇದು. ವಾಂತಿಯಾಗಿ ಆಗಿ ನೀರು, ಲವಣ ಎರಡೂ ಹೋಗಿರುತ್ತವೆ. ನುಂಗಿದ ಮಾತ್ರೆಯೂ ನಿಲ್ಲುವುದಿಲ್ಲ. ಮೈಗ್ರೇನ್ ಸಮಯದಲ್ಲಿ ಹೊಟ್ಟೆಯ ಕೆಲಸವೇ ನಿಧಾನವಾಗಿ, ಒಳಗೆ ಉಳಿದ ಮಾತ್ರೆ ಕೂಡ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಮಾತ್ರೆ ಕೆಲಸ ಮಾಡಲಿಲ್ಲ ಅಂತ ಇನ್ನೊಂದು, ಮತ್ತೊಂದು ನುಂಗುವುದು ಶುರುವಾಗುವುದೇ ಇಲ್ಲಿ. ನಾಲಿಗೆ ಒಣಗಿದೆ, ಬೆಳಗ್ಗೆಯಿಂದ ಮೂತ್ರ ಆಗಿಲ್ಲ, ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆ ಅಂದರೆ 72 ಗಂಟೆ ಆಗಲಿ ಅಂತಲೂ ಕಾಯಬೇಡಿ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ, ವಾಂತಿ ನಿಲ್ಲಿಸುವ ಮತ್ತು ನೋವಿನ ಇಂಜೆಕ್ಷನ್ ಕೊಡುತ್ತಾರೆ. ಎರಡು ವರ್ಷದ ಹಿಂದೆ ನನಗೆ ಹಾಗಾಗಿ, ಡ್ರಿಪ್ ಹಾಕಿದ ಮೂರು ಗಂಟೆಗೆ ಮೊದಲ ಸಲ ಕಣ್ಣು ಬಿಟ್ಟು ಲೈಟ್ ನೋಡಿದೆ. ಒಂದು ದಿನ ಮೊದಲೇ ಬರಬೇಕಿತ್ತು.

ಮಾತ್ರೆಯೇ ತಲೆನೋವಾದಾಗ

ಮೂವತ್ತೆಂಟರಲ್ಲಿ ನನಗೆ ದಿನಾ ತಲೆನೋವು. ಬೆಳಗ್ಗೆ ಏಳುವಾಗಲೇ ಇರುತ್ತಿತ್ತು. ಪಾಠಕ್ಕೆ ಹೋಗಬೇಕಲ್ಲ, ಒಂದು ಮಾತ್ರೆ. ಮಧ್ಯಾಹ್ನ ಇನ್ನೊಂದು. ನೋಟ್‌ಬುಕ್‌ನಲ್ಲಿ ಎಣಿಸಿದಾಗ ಆ ತಿಂಗಳು 19 ದಿನ ಮಾತ್ರೆ ನುಂಗಿದ್ದೆ.

ನೋವಿನ ಮಾತ್ರೆ ಜಾಸ್ತಿಯಾದರೆ ಅದೇ ತಲೆನೋವನ್ನು ಹುಟ್ಟಿಸುತ್ತದೆ. ಪ್ಯಾರಸಿಟಮಾಲ್, ಐಬುಪ್ರೊಫೆನ್‌ನಂಥವು ತಿಂಗಳಿಗೆ 15 ದಿನ ಅಥವಾ ಹೆಚ್ಚು. ಟ್ರಿಪ್ಟಾನ್, ಎರ್ಗಾಟಮಿನ್ ಎಂಬ ಮೈಗ್ರೇನ್ ಔಷಧಿಗಳು, ಕೊಡೀನ್ ಎಂಬ ಅಫೀಮು ಜಾತಿಯ ನೋವಿನ ಔಷಧಿ ಇರುವವು, ಎರಡು ಮೂರು ಔಷಧಿ ಸೇರಿಸಿದ ಮಾತ್ರೆಗಳು ಆದರೆ 10 ದಿನ ಅಥವಾ ಹೆಚ್ಚು. ಮೂರು ತಿಂಗಳಿಗಿಂತ ಜಾಸ್ತಿ ಹೀಗೆ ನಡೆದರೆ ಈ ಸುಳಿಗೆ ಸಿಕ್ಕಿಕೊಂಡಿದ್ದೀರಿ ಅಂತ ಅನುಮಾನಿಸಬೇಕು. ಎಷ್ಟು ಮಾತ್ರೆ ಅನ್ನುವುದಕ್ಕಿಂತ ಎಷ್ಟು ದಿನ ಅಂತ ಎಣಿಸಿ. ನಾನು ಕ್ಯಾಲೆಂಡರ್‌ನಲ್ಲಿ ಮಾತ್ರೆ ನುಂಗಿದ ದಿನಕ್ಕೆ ಕೆಂಪು ಚುಕ್ಕೆ ಇಡುತ್ತೇನೆ. ಎಂಟನೇ ಚುಕ್ಕೆ ಬಂದರೆ ಡಾಕ್ಟರಿಗೆ ಫೋನ್ ಮಾಡುತ್ತೇನೆ.

ಬಿಡುವಾಗ ಮೊದಲ ಒಂದೆರಡು ವಾರ ನೋವು ಹೆಚ್ಚುತ್ತದೆ. ನನಗೆ ಒಂಬತ್ತು ದಿನ ಕಷ್ಟವಾಯಿತು, ಹತ್ತನೇ ದಿನದಿಂದ ತಲೆ ಹಗುರಾಯಿತು. ಇದನ್ನು ಡಾಕ್ಟರಿಗೆ ಹೇಳಿಯೇ ಮಾಡಿ. ಕೊಡೀನ್, ಟ್ರಮಡಾಲ್‌ನಂಥವನ್ನು ಒಮ್ಮೆಲೇ ನಿಲ್ಲಿಸಬಾರದು.

ತಲೆ ಬಿಟ್ಟು ಬೇರೆ ಅಂಗಗಳಿಗೂ ಪೆಟ್ಟು ಬೀಳುತ್ತದೆ. ಆರೋಗ್ಯವಂತ ದೊಡ್ಡವರಿಗೂ ಪ್ಯಾರಸಿಟಮಾಲ್ ದಿನಕ್ಕೆ 4 ಗ್ರಾಂ ಮೀರಬಾರದು, ಮೀರಿದರೆ ಲಿವರ್ ಹಾಳಾಗಬಹುದು. ನೆಗಡಿ ಮಾತ್ರೆಯಲ್ಲೂ ಅದೇ ಇರುತ್ತದೆ, ಆದ್ದರಿಂದ ಮಾತ್ರೆಯ ಸ್ಟ್ರಿಪ್‌ನ ಹಿಂಭಾಗ ಓದಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾಸ್ತಿಯಾದರೆ ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಗೆ ತೊಂದರೆ. ಮಲ ಕಪ್ಪಾದರೆ ಹೊಟ್ಟೆಯೊಳಗೆ ರಕ್ತ ಸೋರುತ್ತಿರಬಹುದು, ಅವತ್ತೇ ತೋರಿಸಿ. ಟ್ರಿಪ್ಟಾನ್‌ಗಳು ರಕ್ತನಾಳವನ್ನು ಬಿಗಿ ಮಾಡುತ್ತವೆ. ಹೃದಯದ ತೊಂದರೆ, ಸ್ಟ್ರೋಕ್ ಆದವರು, ಹತೋಟಿಗೆ ಬಾರದ ಬಿ.ಪಿ. ಇರುವವರು ನುಂಗಬಾರದು. ಟ್ರಿಪ್ಟಾನ್ ಮತ್ತು ಎರ್ಗಾಟಮಿನ್ ಎರಡನ್ನೂ 24 ಗಂಟೆಯೊಳಗೆ ಸೇರಿಸಬಾರದು. ಡಾಕ್ಟರು ಪಕ್ಕದವರಿಗೆ ಬರೆದುಕೊಟ್ಟ ಮಾತ್ರೆಯನ್ನು ನೀವು ತೆಗೆದುಕೊಳ್ಳಬಾರದು ಅನ್ನುವುದು ಇದಕ್ಕೇ.

ತಿಂಗಳಿಗೆ ನಾಲ್ಕು ದಿನಕ್ಕಿಂತ ಹೆಚ್ಚು ಕಾಡುತ್ತಿದ್ದರೆ ಬರದ ಹಾಗೆ ತಡೆಯುವ ಔಷಧಿ ಬಗ್ಗೆ ಕೇಳಿ. ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲಿನ್, ಟೊಪಿರಮೇಟ್‌ನಂಥ ಹಳೆಯವು ಇವೆ, 2018ರಿಂದ ಮೈಗ್ರೇನ್ ನೋವಿನಲ್ಲಿ ಕೈವಾಡ ಇರುವ ಸಿ.ಜಿ.ಆರ್.ಪಿ. ಎಂಬ ವಸ್ತುವನ್ನು ತಡೆಯುವ ಇಂಜೆಕ್ಷನ್‌ಗಳೂ ಬಂದಿವೆ. ಮಗು ಬೇಕು ಅಂತ ಯೋಚಿಸುತ್ತಿರುವವರು ಅದನ್ನು ಮೊದಲೇ ಹೇಳಿ. ಟೊಪಿರಮೇಟ್ ಮತ್ತು ಇದಕ್ಕೇ ಕೊಡುವ ವಾಲ್ಪ್ರೊಯೇಟ್ ಎಂಬ ಇನ್ನೊಂದು ಔಷಧಿ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲವು.

ಮನಸ್ಸಿನ ಮಾತು

ಇದನ್ನು ಬರೆಯಲು ನನಗೆ ಕಷ್ಟ. ಆದರೂ ಬರೆಯಬೇಕು. ತಿಂಗಳಲ್ಲಿ 15 ದಿನಕ್ಕಿಂತ ಹೆಚ್ಚು ತಲೆನೋವು ಇದ್ದಾಗ ಮನಸ್ಸೂ ಕುಸಿಯುತ್ತದೆ. ಮೈಗ್ರೇನ್ ಇರುವವರಲ್ಲಿ ಖಿನ್ನತೆ, ಆತಂಕ ಜಾಸ್ತಿ. ಸಾಯುವ ಯೋಚನೆ ಬರುವುದೂ ಜಾಸ್ತಿ. ಆ 19 ಚುಕ್ಕೆಯ ತಿಂಗಳಿನಲ್ಲಿ ಒಂದು ರಾತ್ರಿ, ಬಾತ್‌ರೂಮಿನ ನೆಲದ ಮೇಲೆ ಕುಳಿತಿದ್ದಾಗ, ಎಲ್ಲ ಮುಗಿದರೆ ಸಾಕು ಅಂತ ನನಗೂ ಅನ್ನಿಸಿತ್ತು. ಮರುದಿನ ಅದನ್ನು ಅಕ್ಕನಿಗೆ ಹೇಳಿದೆ. ಅವಳು ಏನೂ ಬುದ್ಧಿ ಹೇಳಲಿಲ್ಲ, ನನ್ನ ಜೊತೆ ಡಾಕ್ಟರ ಹತ್ತಿರ ಬಂದಳು. ಮನಸ್ಸಿಗೂ ಚಿಕಿತ್ಸೆ ಶುರುವಾಯಿತು. ನಿಮಗೆ ಅಂಥ ಯೋಚನೆ ಬಂದರೆ ಒಬ್ಬರಿಗೆ ಅವತ್ತೇ ಹೇಳಿ, ಒಬ್ಬರೇ ಇರಬೇಡಿ, ತುರ್ತು ಸಹಾಯ ಕೇಳಿ. ಮನೆಯಲ್ಲಿ ಮೈಗ್ರೇನ್ ಇರುವವರು "ನನ್ನಿಂದ ಎಲ್ಲರಿಗೂ ತೊಂದರೆ" ಅನ್ನತೊಡಗಿದರೆ ಪಕ್ಕ ಕೂತು, ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳಿ. ನಾವು ಕೇಳಿದ್ದರಿಂದ ಅಂಥ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ.

ಮನೆಯವರಿಗೆ ಒಂದು ಹಾಳೆ

ನೋವು ಏರಿದಾಗ ನಮಗೆ ಮಾತನಾಡಲು ಆಗುವುದಿಲ್ಲ. ಆದ್ದರಿಂದ ಮೊದಲೇ ಒಂದು ಹಾಳೆಯಲ್ಲಿ ಬರೆದು ಬೀರುವಿನ ಬಾಗಿಲ ಒಳಗೆ ಅಂಟಿಸಿ. ನಿಮ್ಮ ಮಾಮೂಲಿ ಎರಡು ಸಾಲಿನಲ್ಲಿ. ನುಂಗುವ ಮಾತ್ರೆ, ಅಲರ್ಜಿ, ಔರಾ ಇದೆಯೋ ಇಲ್ಲವೋ. ಕೆಳಗೆ, ಯಾವಾಗ ನಿಮ್ಮ ಮಾತು ಕೇಳದೆ ಎತ್ತಿಕೊಂಡು ಹೋಗಬೇಕು ಅಂತ. ನಮ್ಮ ಮನೆಯಲ್ಲಿ ಅದನ್ನು ನನ್ನ ಮಗಳು ದೊಡ್ಡ ಅಕ್ಷರದಲ್ಲಿ ಬರೆದಿದ್ದಾಳೆ: "ಒಮ್ಮೆಲೇ ಬಂದರೆ, ಕೈ ಸೋತರೆ, ಮಾತು ತೊದಲಿದರೆ, ಗಂಟೆ ದಾಟಿದರೆ, ಜ್ವರ ಇದ್ದರೆ, ಅಮ್ಮ ಬೇಡ ಅಂದರೂ ಹೊರಡುವುದು."

ಹೋದ ವರ್ಷ ನನ್ನ ಔರಾ 70 ನಿಮಿಷ ನಿಂತಿತು. ನಾನು ಬೇಡ ಅಂದೆ, ಅವಳು ಹಾಳೆ ತೋರಿಸಿದಳು. ಸ್ಕ್ಯಾನ್‌ನಲ್ಲಿ ಏನೂ ಇರಲಿಲ್ಲ. ರಾತ್ರಿ ಮನೆಗೆ ಬಂದೆವು.

ಅಮ್ಮನ ಹೆಸರಿನಲ್ಲೂ ಈಗ ಒಂದು ನೋಟ್‌ಬುಕ್ ಇದೆ. ಅವಳು ಹೇಳುತ್ತಾಳೆ, ನಾನು ಬರೆಯುತ್ತೇನೆ. ನಿನ್ನೆಯ ಸಾಲು ಹೀಗಿದೆ: "ತಲೆನೋವು ಇಲ್ಲ. ದವಡೆ ನೋವು ಇಲ್ಲ. ಎಡಗಣ್ಣು ಚೆನ್ನಾಗಿ ಕಾಣುತ್ತಿದೆ."